ಬಿಳಿತಲೆ ಗರುಡನ ಗರಿ

ಬೆಳಗೋಡಿನ ದೇವೇಂದ್ರನ ಮನೆಯ ಟೀವಿಯಲ್ಲಿ ಆ ಹಕ್ಕಿ ಕಾಣಿಸಿಕೊಂಡಾಗ ಚೌಡಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಬಿಳಿ ತಲೆ, ಹಳದಿ ಕೊಕ್ಕು, ಕಂದು ಮೈ. ಕಂಡದ್ದೇ ತಡ, ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ, "ಕೃಷ್ಣ ಕೃಷ್ಣ" ಎಂದು ಎರಡೂ ಕೆನ್ನೆ ಬಡಿದುಕೊಂಡಳು.

"ನಮ್ ಗರುಡ ಕಣೆ! ಅಮೆರಿಕದಾಗೆ ಸೌಜನ್ಯನ ಮನೆತಾವ ನಾನು ದಿನಾ ನೋಡ್ತಿದ್ದದ್ದು ಇದ್ನೇಯ" ಎಂದು ತಂಗಿ ಗಂಗಾಮಣಿಗೆ ತೋರಿಸಿದಳು.

ಗಂಗಾಮಣಿ ದೇವೇಂದ್ರನ ಹೆಂಡತಿ. ಅವಳಿಗೆ ಹಕ್ಕಿಯ ಮೇಲೆ ಆಸಕ್ತಿಯಿರಲಿಲ್ಲ. ಅವಳ ಕಿರಿ ಮಗಳು ಶೃತಿ ಹಾಸನದ ಕಾಲೇಜಿನಿಂದ ರಜೆಗೆ ಬಂದಿದ್ದವಳು, ಟೀವಿಯವರ ಇಂಗ್ಲಿಷನ್ನು ಕೇಳಿ ಕೇಳಿ ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದಳು.

"ದೊಡ್ಡಮ್ಮ, ಇದು ಅವ್ರ ದೇಶದ ಗುರುತಂತೆ. ಮೊದ್ಲು ಬೆಳೆಗೆ ಔಷಧಿ ಹೊಡ್ದು ಹೊಡ್ದು ಸಂತಾನನೇ ನಿಂತೋಗಿತ್ತಂತೆ. ಈಗ ಭಾರೀ ಕಾನೂನು. ಹಕ್ಕಿ ಹೊಡಿಯೋದಿರ್ಲಿ, ನೆಲಕ್ಕೆ ಬಿದ್ದ ಒಂದ್ ಗರಿ ಎತ್ತಿ ಮನೇಲಿಟ್ಕೊಂಡ್ರೂ ಜೈಲಂತೆ!"

ಚೌಡಮ್ಮನ ಕೈ ನಿಂತಿತು. "ಗರಿಗೇ?"

"ಹೂಂ, ಗರಿಗೇ. ಅಲ್ಲಿನ ಬುಡಕಟ್ಟಿನೋರಿಗೆ ಮಾತ್ರ ಪೂಜೆಗೆ ಅಂತ ಪರ್ಮಿಟ್ ಕೊಡ್ತಾರಂತೆ."

"ತಾನಾಗಿ ಉದ್ರಿದ್ದಾದ್ರೆ?"

"ಉದ್ರಿದ್ದಾದ್ರೂ ಅಷ್ಟೇ. ನಿಂಗ್ಯಾಕೆ ದೊಡ್ಡಮ್ಮ?"

"ಸುಮ್ನೆ ಕೇಳ್ದೆ" ಎಂದಳು ಚೌಡಮ್ಮ. ಆಮೇಲೆ ಸುಲಿದ ಕಾಳನ್ನೆಲ್ಲ ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಾ ಹೋದಳು. ಗಂಗಾಮಣಿ ಗದರಿದ ಮೇಲೆಯೇ ಅವಳಿಗೆ ಎಚ್ಚರವಾದದ್ದು.

ಅವಳ ಗಾಬರಿಗೆ ಕಾರಣ ತಿಳಿಯಬೇಕಾದರೆ ಅವಳು ಅಮೆರಿಕಕ್ಕೆ ಹೋದ ಕತೆ ಹೇಳಲೇಬೇಕು.

ಚೌಡಮ್ಮ ಆಲೂರು ಕಡೆಯ ಮಗ್ಗೆಯವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ತುಂಡು ಗದ್ದೆ, ಎರಡು ಹಸು, ಯಾರ ಹಂಗೂ ಇಲ್ಲದ ಬದುಕು. ಅವಳ ಹೆಸರು ಓಡಾಡುತ್ತಿದ್ದದ್ದು ಮಾತ್ರ ಬಾಣಂತನದ ವಿಷಯಕ್ಕೆ. ನಂಟರಿಷ್ಟರಲ್ಲಿ ಯಾರಿಗೆ ಹೆರಿಗೆಯಾದರೂ, ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕಲು, ಕೂಸನ್ನು ಕಾಲ ಮೇಲೆ ಮಲಗಿಸಿ ಮೀಯಿಸಲು ಚೌಡಮ್ಮನೇ ಬರಬೇಕು. ಕೂಸಿಗೆ ಅವಳೇ ತಾಯಿತ ಕಟ್ಟಬೇಕು. ಕರಿ ಬಟ್ಟೆಯ ಚೂರಿನಲ್ಲಿ ಬಜೆಯ ತುಂಡು, ಚಿಟಿಕೆ ಇಂಗು ಇಟ್ಟು ಹೊಲಿದು ಉಡಿದಾರಕ್ಕೆ ಕಟ್ಟಿದಳೆಂದರೆ ಮಗು ನಿದ್ದೆಯಲ್ಲಿ ಬೆಚ್ಚುವುದಿಲ್ಲ ಎಂಬುದು ನಂಬಿಕೆ. "ನಡೆಯೋ ತನಕ ಬಿಚ್ಚಕೂಡದು" ಎಂದು ಅವಳು ತಾಯಂದಿರಿಗೆ ತಾಕೀತು ಮಾಡುತ್ತಿದ್ದಳು. ಆ ತಾಕೀತಿಗೆ ಡಾಕ್ಟರ ಮಾತಿಗಿಂತ ಹೆಚ್ಚು ಬೆಲೆಯಿತ್ತು.

ಗಂಗಾಮಣಿಯ ಹಿರಿಮಗಳು ಸೌಜನ್ಯಳ ಗಂಡ ಮಂಜುನಾಥ ದನದ ಡಾಕ್ಟರು. ಹಸುಗಳ ಗೊರಸಿನ ರೋಗದ ಬಗ್ಗೆ ಅದೇನೋ ಸಂಶೋಧನೆಗೆಂದು ಮಿನ್ನೆಸೋಟ ಎಂಬ ಚಳಿನಾಡಿಗೆ ಹೋಗಿದ್ದ. ಅಲ್ಲಿ ಸೌಜನ್ಯ ಬಸುರಿಯಾದಳು. ತಾಯಿ ಹೋಗೋಣವೆಂದರೆ ಮಂಡಿನೋವು, ಅದರ ಮೇಲೆ ವಿಮಾನದ ಭಯ. "ಅಕ್ಕ, ನೀನೇ ಹೋಗ್ಬಾ" ಎಂದು ಗಂಗಾಮಣಿ ಕಾಲು ಹಿಡಿಯುವುದೊಂದು ಬಾಕಿ. ಹಾಗಾಗಿ ಸಕಲೇಶಪುರದ ಸಂತೆ, ಹಾಸನದ ಆಸ್ಪತ್ರೆ ಬಿಟ್ಟು ಆಚೆ ಕಾಣದ ಚೌಡಮ್ಮ ಸ್ವೆಟರಿನ ಮೇಲೆ ಸ್ವೆಟರು ತೊಟ್ಟು ಮಿಸಿಸಿಪ್ಪಿ ನದಿಯ ದಂಡೆಯ ಊರಲ್ಲಿ ಇಳಿದಳು.

ಆ ಊರಿನ ನದಿ ಹೆಪ್ಪುಗಟ್ಟಿತ್ತು. ಕರೆಂಟು ಮಾಡುವ ಕಾರ್ಖಾನೆಯ ಬಿಸಿನೀರು ಬಂದು ಬೀಳುವ ಜಾಗದಲ್ಲಿ ಮಾತ್ರ ನೀರು ಹರಿಯುತ್ತಿತ್ತು. ಅಲ್ಲಿನ ಬೋಳು ಮರಗಳ ಮೇಲೆ ಮೀನಿಗಾಗಿ ಕಾಯುತ್ತಾ ಕೂತಿದ್ದವು ಬಿಳಿತಲೆಯ ಹಕ್ಕಿಗಳು. ಮೊದಲ ಸಲ ಕಂಡಾಗ ಚೌಡಮ್ಮನಿಗೆ ಕಣ್ಣೀರೇ ಬಂತು. ಮಾತು ಗೊತ್ತಿಲ್ಲದ, ಸೊಪ್ಪು ಸಿಗದ, ಬಿಸಿಲೇ ಇಲ್ಲದ ಊರಿನಲ್ಲಿ ಗುರುತಿನವರೊಬ್ಬರು ಸಿಕ್ಕಿದ ಹಾಗಾಯಿತು. ಊರಲ್ಲಿ ಗದ್ದೆ ಮೇಲೆ ಸುತ್ತುವ ಗರುಡನಿಗೂ ಹೀಗೇ ಬಿಳಿ ತಲೆ, ಕಂದು ರೆಕ್ಕೆ. ಇದು ಎರಡರಷ್ಟು ದೊಡ್ಡದು, ನಿಜ. ಆದರೆ ಆ ದೇಶದಲ್ಲಿ ಟೊಮೆಟೊ ದೊಡ್ಡದು, ಹಸು ದೊಡ್ಡದು, ಮನುಷ್ಯರೂ ದೊಡ್ಡವರೇ. ಗರುಡ ಒಂದು ಸಣ್ಣದಾಗಿರಬೇಕೆಂದು ಯಾವ ಶಾಸ್ತ್ರದಲ್ಲಿದೆ?

ಆಮೇಲೆ ನೋಡಿದರೆ ಊರ ತುಂಬ ಅದೇ. ಅವರ ನಾಣ್ಯದ ಮೇಲೆ ಗರುಡ, ಅಂಚೆ ವ್ಯಾನಿನ ಮೇಲೆ ಗರುಡನ ತಲೆ, ಬಾವುಟದ ಕೋಲಿನ ತುದಿಯಲ್ಲಿ ಚಿನ್ನದ ಬಣ್ಣದ ಗರುಡ, ಇಸ್ಕೂಲು ಮಕ್ಕಳ ಟೋಪಿ ಮೇಲೂ ಗರುಡ. ಚೌಡಮ್ಮ ಎಲ್ಲಿ ಕಂಡರೆ ಅಲ್ಲಿ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಬಡಿದುಕೊಂಡಾಗ ಮುಂದಿದ್ದ ಬಿಳಿಯ ಹೆಂಗಸು ತಿರುಗಿ, ಹಲ್ಲುನೋವೇ ಎಂದು ಸನ್ನೆಯಲ್ಲಿ ಕೇಳಿದಳಂತೆ. "ಎಷ್ಟು ಭಕ್ತಿ ಮಾರಾಯ್ತಿ ಈ ಜನಕ್ಕೆ" ಎಂದು ಚೌಡಮ್ಮ ಸೌಜನ್ಯಳ ಹತ್ತಿರ ಮೆಚ್ಚಿಕೊಂಡಳು. ಬಸುರಿಗೆ ನಗು ತಡೆಯುವುದೇ ಕಷ್ಟವಾಯಿತು.

ಒಂದು ದಿನ ರಸ್ತೆ ಪಕ್ಕದಲ್ಲಿ ಕಾರು ಬಡಿದು ಸತ್ತ ಜಿಂಕೆಯನ್ನು ಆ ಗರುಡ ಕಾಗೆಗಳ ಜೊತೆ ಜಗಳವಾಡುತ್ತಾ ತಿನ್ನುವುದನ್ನು ಕಂಡಳು. ಅದರ ಕೂಗೂ ಕೇಳಿಸಿತು. ಅಷ್ಟು ದೊಡ್ಡ ಮೈಗೆ ಕೋಳಿಮರಿಯ ದನಿ. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಹೊಟ್ಟೆಪಾಡು, ದೇವರ ವಾಹನಕ್ಕೂ ತಪ್ಪಿದ್ದಲ್ಲ ಎಂದುಕೊಂಡು ಸುಮ್ಮನಾದಳು.

ಹಿಮ ಕರಗುವ ಹೊತ್ತಿಗೆ ಗಂಡುಮಗು ಹುಟ್ಟಿತು. ಪ್ರಜ್ವಲ್ ಎಂದು ಹೆಸರಿಟ್ಟರು. ಚೌಡಮ್ಮನಿಗೆ ದಿಕ್ಕು ಸಿಕ್ಕಿದಂತಾಯಿತು. ಬೆಳಗ್ಗೆ ಎಣ್ಣೆ ನೀರು, ಮಧ್ಯಾಹ್ನ ಮಗು ಮಲಗಿದಾಗ ಹಿತ್ತಲಿಗೆ ಬರುತ್ತಿದ್ದ ಅಲ್ಲಿನ ದೊಡ್ಡ ಕಾಡುಕೋಳಿಗಳಿಗೆ ಮಿಕ್ಕ ಅನ್ನ ಹಾಕುವುದು, ಸಂಜೆ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ ನದಿ ದಂಡೆಗೆ ಹೋಗುವುದು. ಅಂಥ ಒಂದು ಸಂಜೆ, ಗರುಡ ಕೂತಿದ್ದ ಮರದ ಬುಡದಲ್ಲೇ ಅವಳಿಗೆ ಆ ಗರಿ ಸಿಕ್ಕಿತು. ಮೊಣಕೈ ಉದ್ದದ ಗರಿ. ಅಡ್ಡಡ್ಡಕ್ಕೆ ಕಂದು ಪಟ್ಟೆ, ಬಿಳಿ ಪಟ್ಟೆ. ತಲೆಯ ಬಿಳುಪೂ ಮೈಯ ಕಂದೂ ಒಂದೇ ಗರಿಯಲ್ಲಿವೆ, ಇದು ಅವನದಲ್ಲದೆ ಇನ್ಯಾರದು ಎಂದು ಚೌಡಮ್ಮ ತೀರ್ಮಾನ ಮಾಡಿದಳು. ಅವಳ ಅತ್ತೆ ಹೇಳುತ್ತಿದ್ದ ಮಾತು ನೆನಪಾಯಿತು: "ತಾಯಿತಕ್ಕೆ ಗರುಡನ ಗರಿಯ ಒಂದೆಳೆ ಸಿಕ್ರೆ ಸಾಕು ಕಣೇ, ಆ ಮಗು ಜನ್ಮದಲ್ಲಿ ಹೆದ್ರಕಿಲ್ಲ." ಅತ್ತೆಗೇ ಸಿಕ್ಕಿರಲಿಲ್ಲ. ಚೌಡಮ್ಮನಿಗೆ ಸಿಕ್ಕಿತು.

ಅವತ್ತೇ ಗರಿಯ ಎಳೆಯೊಂದನ್ನು ಕತ್ತರಿಸಿ, ಬಜೆ ಇಂಗಿನ ಜೊತೆ ಹೊಲಿದು, ಪ್ರಜ್ವಲನ ಉಡಿದಾರಕ್ಕೆ ಕಟ್ಟಿಬಿಟ್ಟಳು. ಒಳಗೇನಿದೆ ಎಂದು ಸೌಜನ್ಯಳಿಗೆ ಹೇಳಲಿಲ್ಲ. ತಾಯಿತದ ಗುಟ್ಟು ಹೇಳಿದರೆ ಫಲ ಹೋಗುತ್ತದೆ. ಉಳಿದ ಗರಿಯನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ಊರಿಗೆ ತಂದು, ಚನ್ನಕೇಶವನ ಪಟದ ಹಿಂದೆ ಸಿಕ್ಕಿಸಿದಳು.

ಈಗ ಟೀವಿಯವರು ಹೇಳುತ್ತಿದ್ದರು, ಅದು ಕಳ್ಳಮಾಲು ಎಂದು!

ಮಗ್ಗೆಗೆ ಹಿಂತಿರುಗಿದವಳೇ ಚೌಡಮ್ಮ ಪಟದ ಹಿಂದಿನಿಂದ ಗರಿ ತೆಗೆದು ಅಕ್ಕಿ ಡಬ್ಬಕ್ಕೆ ತುರುಕಿದಳು. ಅಲ್ಲಿಂದ ಹಾಸಿಗೆಯಡಿಗೆ, ಹಾಸಿಗೆಯಡಿಯಿಂದ ಕೊಟ್ಟಿಗೆಯ ಅಟ್ಟಕ್ಕೆ. ಸುಟ್ಟುಬಿಡೋಣವೆಂದರೆ ಗರುಡನ ಗರಿ, ಸುಟ್ಟರೆ ಪಾಪ. ಇಟ್ಟುಕೊಂಡರೆ ಜೈಲು. ಅತ್ತ ದರಿ, ಇತ್ತ ಪುಲಿ. ತನಗೆ ಜೈಲಾಗುವುದಾದರೆ ಅಷ್ಟೇನೂ ಹೆದರುತ್ತಿರಲಿಲ್ಲ ಅವಳು. ಅಮೆರಿಕದ ಪೊಲೀಸರು ಮಗ್ಗೆಯ ಕೆಸರಿಗೆ ಬಂದು ತನ್ನನ್ನು ಹಿಡಿಯುವಷ್ಟು ಬಿಡುವಾಗಿರಲಾರರು ಎಂಬ ವಿವೇಕ ಅವಳಿಗಿತ್ತು. ಆದರೆ ಒಂದೆಳೆ ಆ ಮಗುವಿನ ಸೊಂಟದಲ್ಲಿತ್ತಲ್ಲ! ಪ್ರಜ್ವಲನನ್ನು ಎತ್ತಿಕೊಂಡು ಸೌಜನ್ಯ ಜನವರಿಯಲ್ಲಿ ಊರಿಗೆ ಬರುವವಳಿದ್ದಳು. ವಿಮಾನದ ಬಾಗಿಲಲ್ಲಿ ಹೇಗೆ ಜಾಲಾಡುತ್ತಾರೆಂದು ಚೌಡಮ್ಮ ಕಣ್ಣಾರೆ ಕಂಡಿದ್ದಳು. ಅವಳ ಕೊಬ್ಬರಿ ಉಂಡೆಯನ್ನೇ ಮುರಿದು ನೋಡಿದ ಜನ ತಾಯಿತ ಬಿಟ್ಟಾರೆಯೇ? ಬಾಣಂತನ ಮಾಡಲು ಹೋದವಳು ಬಾಣಂತಿಯನ್ನೇ ಜೈಲಿಗೆ ಕಳಿಸಿದಳು ಎಂದಾಗುವುದಿಲ್ಲವೇ?

ಭಾನುವಾರ ಸೌಜನ್ಯಳ ಫೋನು ಬರುವ ಹೊತ್ತಿಗೆ ಬಸ್ಸು ಹತ್ತಿ ಬೆಳಗೋಡಿಗೆ ಬಂದಳು. ಗಂಗಾಮಣಿ ಮಾತಾಡಿ ಮುಗಿಸುವುದನ್ನೇ ಕಾದು ರಿಸೀವರು ಕಸಿದುಕೊಂಡಳು.

"ಸೌಜನ್ಯ, ಮಗೀನ ಸೊಂಟದ ದಾರ ಬಿಚ್ಚಿಡವ್ವ."

"ಯಾಕ್ ದೊಡ್ಡಮ್ಮ? ನಡೆಯೋ ತನಕ ಬಿಚ್ಚಬೇಡ ಅಂತ ನೀನೇ ಹೇಳಿದ್ಯಲ್ಲ!"

"ಹೇಳಿದ್ದೆ. ಈಗ ಹಳೇದಾಗಿರ್ತೈತೆ. ಬಿಚ್ಚಿ ಎಸೆದ್ಬುಡು."

"ಅಯ್ಯೋ ಬೇಡ. ಅದನ್ನ ಕಟ್ಟಿದ್ ಮೇಲೆ ಒಂದ್ಸಲನೂ ಬೆಚ್ಚಿಬಿದ್ದಿಲ್ಲ ಗೊತ್ತಾ? ಹಂಗೇ ಕಟ್ಕೊಂಡು ಬರ್ತೀನಿ, ನೀನೇ ನಿನ್ ಕೈಯಾರೆ ಬಿಚ್ಚುವಂತೆ."

ಒಳಗೆ ಏನಿದೆ ಎಂದು ಹೇಳೋಣವೆಂದರೆ, ಅಮೆರಿಕದ ಫೋನು ಯಾರ‍್ಯಾರು ಕೇಳುತ್ತಾರೋ ಎಂಬ ಭಯ. ಗಂಗಾಮಣಿಗೆ ಹೇಳಿದರೆ ಸಂಜೆಯೊಳಗೆ ಬೆಳಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ. ದೇವೇಂದ್ರ ಒಳ್ಳೆಯ ಮನುಷ್ಯ, ಆದರೆ ಕಾಫಿ ಕುಯ್ಲಿನ ಸಮಯದಲ್ಲಿ ಅವನ ಮುಂದೆ ಕೆಮ್ಮಿದರೂ ಸಿಡುಕುತ್ತಾನೆ. ಉಳಿದದ್ದು ಗರುಡ ಒಬ್ಬನೇ. ಚೌಡಮ್ಮ ಗದ್ದೆ ಬದುವಿನಲ್ಲಿ ನಿಂತು, ಮೇಲೆ ಸುತ್ತುತ್ತಿದ್ದ ಊರಿನ ಗರುಡನಿಗೇ ಹರಕೆ ಹೊತ್ತಳು. "ನಿನ್ನ ಗರಿ ಮುಟ್ಟಿದ್ದು ತಪ್ಪಾಯ್ತು. ಮಗು ಸುಸೂತ್ರ ಮನೆ ಸೇರಲಿ. ಅಲ್ಲೀಗಂಟ ರೆಕ್ಕೆ ಇರೋದು ಯಾವುದ್ನೂ ನಾನು ತಿನ್ನಕಿಲ್ಲ."

ಇದು ಸಣ್ಣ ಹರಕೆಯಲ್ಲ. ಚೌಡಮ್ಮನಿಗೆ ನಾಟಿಕೋಳಿ ಸಾರು ಎಂದರೆ ಪ್ರಾಣ. ನಂಟರ ಮನೆಗೆ ಹೋದರೆ ಅವಳಿಗಾಗಿಯೇ ಕೋಳಿ ಕೊಯ್ಯುತ್ತಿದ್ದರು. ಈಗ ಎಲ್ಲ ಕಡೆಯೂ ಬರಿ ಬಸ್ಸಾರು, ಹುಳಿಸೊಪ್ಪು. "ಅಕ್ಕಂಗೆ ಏನೋ ಆಗೈತೆ, ಡಾಕ್ಟ್ರಿಗೆ ತೋರ್ಸಿ" ಎಂದು ಗಂಗಾಮಣಿ ಗಂಡನ ತಲೆ ತಿಂದಳು.

ಅಂತೂ ಆ ದಿನ ಬಂತು. ದೇವೇಂದ್ರ ಶೃತಿಯನ್ನು ಕರೆದುಕೊಂಡು ಬೆಂಗಳೂರಿಗೆ ಹಿಂದಿನ ದಿನವೇ ಕಾರಿನಲ್ಲಿ ಹೋಗಿದ್ದ. ಚೌಡಮ್ಮ ಗರಿಯನ್ನು ಹಳೆಯ ರವಿಕೆಯಲ್ಲಿ ಸುತ್ತಿ, ಕೈಚೀಲದ ತಳಕ್ಕೆ ಹಾಕಿಕೊಂಡು ಬೆಳಗೋಡಿಗೆ ಬಂದಿದ್ದಳು. ಯಾರಾದರೂ ಕೇಳಿದರೆ, ಎತ್ತಿದವಳು ನಾನು, ಕೂಸಿಗೂ ತಾಯಿಗೂ ಏನೂ ತಿಳಿಯದು ಎಂದು ಎದುರಿಗೇ ಇಟ್ಟು ಒಪ್ಪಿಕೊಳ್ಳುವುದು ಎಂದು ನಿಶ್ಚಯಿಸಿದ್ದಳು.

ಬೆಳಗ್ಗೆ ದೇವೇಂದ್ರನ ಹೊಸ ಮೊಬೈಲಿನಿಂದ ಫೋನು ಬಂತು. ಗಂಗಾಮಣಿ ಕೇಳಿಸಿಕೊಂಡು, ಮುಖ ಸಪ್ಪೆ ಮಾಡಿ ರಿಸೀವರು ಇಟ್ಟಳು.

"ವಿಮಾನ ಬಂದು ಆವಾಗ್ಲೇ ಎಷ್ಟೋ ಹೊತ್ತಾಯ್ತಂತೆ. ಎಲ್ಲಾ ಹೊರಗೆ ಬಂದ್ರಂತೆ, ಇವ್ಳೊಬ್ಳೇ ಬಂದಿಲ್ಲ. ಒಳಗೆ ಯಾವುದೋ ಆಫೀಸಿಗೆ ಕರ‍್ಕೊಂಡು ಹೋದ್ರು ಅಂತ ಜೊತೇಲಿ ಬಂದೋರು ಯಾರೋ ಅಂದ್ರಂತೆ."

ಚೌಡಮ್ಮ ಅಲ್ಲೇ ಜಗಲಿಯ ಅಂಚಿಗೆ ಕುಸಿದು ಕೂತಳು. "ಅಯ್ಯೋ, ನಾನೇ ಹಿಡ್ಕೊಟ್ನಲ್ಲೇ ಗಂಗಾ, ನನ್ ಮಗೀನ ನಾನೇ ಹಿಡ್ಕೊಟ್ನಲ್ಲ!" ಎಂದು ಎದೆ ಬಡಿದುಕೊಂಡಳು. ಗಂಗಾಮಣಿ ನೀರು ತಂದು ಕುಡಿಸುವಷ್ಟರಲ್ಲಿ ಗರಿ, ತಾಯಿತ, ಟೀವಿ, ಹರಕೆ ಎಲ್ಲವೂ ಹೊರಬಿದ್ದವು. ತಂಗಿ ಬೈಯಬಹುದು ಎಂದುಕೊಂಡಿದ್ದಳು. ತಂಗಿ ಬೈಯಲಿಲ್ಲ. ಅವಳೂ ಪಕ್ಕದಲ್ಲಿ ಕೂತು ಸೆರಗಿನಲ್ಲಿ ಮೂಗೊರೆಸಿಕೊಂಡು, ಬೇಲೂರಿನ ದೇವರಿಂದ ಹಿಡಿದು ಧರ್ಮಸ್ಥಳದವರೆಗೆ ನೆನಪಿಗೆ ಬಂದ ಎಲ್ಲರನ್ನೂ ಕರೆಯತೊಡಗಿದಳು. ಕಣದಲ್ಲಿ ಕಾಫಿ ಹರಡುತ್ತಿದ್ದ ಆಳುಗಳು ಸಾವಿನ ಸುದ್ದಿಯೇ ಇರಬೇಕೆಂದು ಕೆಲಸ ನಿಲ್ಲಿಸಿ ನಿಂತರು.

ಫೋನು ಮತ್ತೆ ಹೊಡೆದುಕೊಂಡಿತು. ಇಬ್ಬರೂ ಎದ್ದರು. ಯಾರಿಗೂ ಎತ್ತಿಕೊಳ್ಳುವ ಧೈರ್ಯವಿಲ್ಲ. ಕೊನೆಗೆ ಚೌಡಮ್ಮನೇ ಎತ್ತಿದಳು.

"ಅತ್ತಿಗೆ, ಬಂದ್ರು ಕಣ್ರೀ" ಎಂದ ದೇವೇಂದ್ರ. "ಒಂದ್ ಪೆಟ್ಟಿಗೆ ಬರ್ಲಿಲ್ವಂತೆ. ಅದಕ್ಕೆ ಕಂಪ್ಲೇಂಟ್ ಬರ‍್ಕೊಡ್ತಾ ಕೂತ್ಕೊಂಡವ್ಳೆ ಮಾರಾಯ್ತಿ. ನಾವಿಲ್ಲಿ ಸತ್ತೋಗ್ತಾ ಇದೀವಿ!"

"ಮಗು?"

"ಮಗು ನನ್ ಕನ್ನಡಕ ಕಿತ್ಕೊಂಡೈತೆ."

ಚೌಡಮ್ಮ ಫೋನಿಟ್ಟು, ಅಂಗಳಕ್ಕಿಳಿದು ಸೂರ್ಯನಿಗೆ ಅಡ್ಡಬಿದ್ದಳು. ಗಂಗಾಮಣಿಗೆ ವಿಷಯ ಗೊತ್ತಾದದ್ದು ಅವಳ ಮುಖ ನೋಡಿಯೇ. ಅಕ್ಕತಂಗಿಯರು ಇನ್ನೊಂದು ಸುತ್ತು ಅತ್ತರು, ಈ ಸಲ ಹಗುರಾಗಿ.

ಊಟದ ಹೊತ್ತಿಗೆ ಕಾರು ಬಂತು. ಗಂಗಾಮಣಿ ಆರತಿ ತಟ್ಟೆ ಹಿಡಿದು ಮೆಟ್ಟಿಲಿಳಿಯುವ ಮೊದಲೇ ಚೌಡಮ್ಮ ಕತ್ತರಿ ಹಿಡಿದು ಕಾರಿನ ಬಾಗಿಲಲ್ಲಿದ್ದಳು. ಸೌಜನ್ಯಳ ತೋಳಿನಿಂದ ಮಗುವನ್ನು ಎತ್ತಿಕೊಂಡು, ಅಂಗಿ ಸರಿಸಿ, ತಾಯಿತವನ್ನು ಕಚಕ್ಕನೆ ಕತ್ತರಿಸಿ ಮುಷ್ಟಿಯಲ್ಲಿ ಹಿಡಿದಳು. ಹತ್ತು ತಿಂಗಳ ಪ್ರಜ್ವಲ್ ಅವಳನ್ನು ದಿಟ್ಟಿಸಿದ. ಅಳಲಿಲ್ಲ. ಹುಟ್ಟಿದಾಗಿನಿಂದ ತನ್ನನ್ನು ಕಾಲ ಮೇಲೆ ಮಲಗಿಸಿಕೊಂಡವಳ ವಾಸನೆ ಗುರುತು ಹತ್ತಿತೋ ಏನೋ, ಅವಳ ಕೊರಳಿಗೆ ಮುಖ ಒತ್ತಿದ. ಚೌಡಮ್ಮನಿಗೆ ಆ ಕ್ಷಣಕ್ಕೆ ಇನ್ನೇನೂ ಬೇಡವಾಯಿತು.

"ಏನಿದು ದೊಡ್ಡಮ್ಮ, ಕತ್ತರಿ ಹಿಡ್ಕೊಂಡು ಸ್ವಾಗತ?" ಎಂದಳು ಸೌಜನ್ಯ.

ಚೌಡಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಗಾಮಣಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ದೇವೇಂದ್ರನ ಬಾಯಿ ಹಾಗೇ ತೆರೆದುಕೊಂಡಿತು. ಶೃತಿಯ ಮುಖ ಬಿಳಿಚಿಕೊಂಡಿತು. ಸೌಜನ್ಯ ಮಾತ್ರ, "ಎಲ್ಲಿ ಆ ಗರಿ? ತೋರ್ಸು" ಎಂದಳು.

ಚೌಡಮ್ಮ ಕೈಚೀಲದ ತಳದಿಂದ ರವಿಕೆ ತೆಗೆದು ಬಿಚ್ಚಿದಳು. ಸೌಜನ್ಯ ಗರಿಯನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಅವಳ ತುಟಿ ಅದುರಿತು, ಭುಜ ಕುಲುಕಿತು. ಅಳುತ್ತಾಳೇನೋ ಎಂದು ಚೌಡಮ್ಮ ಹೆದರಿದಳು. ಸೌಜನ್ಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ದೊಡ್ಡಮ್ಮ, ಇದು ಗರುಡಂದಲ್ಲ. ಟರ್ಕಿ ಕೋಳೀದು! ನೀನೇ ದಿನಾ ಹಿತ್ಲಲ್ಲಿ ಅನ್ನ ಹಾಕ್ತಿದ್ಯಲ್ಲ, ಆ ಕಾಡುಕೋಳೀದು! ಗರುಡ ಕೂರೋ ಮರದ ಕೆಳಗೆ ಅವೂ ಓಡಾಡ್ತಿದ್ವು."

"ಸುಳ್ಳು ಹೇಳ್ಬ್ಯಾಡ. ನನ್ನ ಸಮಾಧಾನಕ್ಕೆ ಹೇಳ್ತಿದೀಯ."

ಸೌಜನ್ಯ ಕಾರಿನಿಂದ ಕೈಚೀಲ ತರಿಸಿ, ಮಗುವಿನ ಫೋಟೋ ಆಲ್ಬಮ್ ಹೊರತೆಗೆದಳು. ಅದರಲ್ಲೊಂದು ಚೌಡಮ್ಮನ ಫೋಟೋ. ಮೂರು ಸ್ವೆಟರು, ತಲೆಗೆ ಮಫ್ಲರು, ಕೈಯಲ್ಲಿ ಅನ್ನದ ಬಟ್ಟಲು. ಎದುರಿಗೆ ದೊಡ್ಡ ಕೋಳಿಯೊಂದು ಅರ್ಧ ರೆಕ್ಕೆ ಬಿಚ್ಚಿ ನಿಂತಿತ್ತು. ರೆಕ್ಕೆಯಲ್ಲಿ ಅಡ್ಡಡ್ಡಕ್ಕೆ ಕಂದು ಪಟ್ಟೆ, ಬಿಳಿ ಪಟ್ಟೆ. ಚೌಡಮ್ಮ ಗರಿಯನ್ನು ಫೋಟೋದ ಪಕ್ಕ ಹಿಡಿದು ನೋಡಿದಳು. ಇನ್ನೊಮ್ಮೆ ನೋಡಿದಳು.

"ಇದಕ್ಕೂ ಜೈಲೈತಾ?"

"ಟರ್ಕೀಗಾ? ಅವ್ರು ಅದನ್ನ ವರ್ಷಕ್ಕೊಂದ್ಸಲ ಹಬ್ಬ ಮಾಡಿ ತಿಂತಾರೆ ದೊಡ್ಡಮ್ಮ. ಅದರ ಗರೀನ ಯಾರ್ ಕೇಳ್ತಾರೆ?"

ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು. ಚೌಡಮ್ಮ ಮಗುವನ್ನು ಅಪ್ಪಿಕೊಂಡು ದೀರ್ಘವಾಗಿ ಉಸಿರುಬಿಟ್ಟಳು. "ಸದ್ಯ, ಬದುಕ್ದೆ ಕಣಪ್ಪ" ಎಂದು ಅವನ ನೆತ್ತಿಗೆ ಹೇಳಿದಳು. ಆಮೇಲೆ ಇದ್ದಕ್ಕಿದ್ದಂತೆ ಅವಳ ಹುಬ್ಬು ಗಂಟಿಕ್ಕಿತು.

"ಅಲ್ಲ ಕಣೇ, ಕೋಳಿ ಗರಿಗೆ ಹೆದ್ರಿಕೊಂಡು ನಾನು ಕೋಳಿ ತಿನ್ನೋದು ಬುಟ್ನಾ!"

ಈ ಸಲ ಸಿಡುಕ ದೇವೇಂದ್ರನೂ ನಕ್ಕ. ಗಂಗಾಮಣಿ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಲ ಕಡೆಯಿಂದ ಹುಂಜವೊಂದು ಕೂಗುತ್ತಾ ಓಡಾಡಿದ ಸದ್ದು ಕೇಳಿಸಿತು. ಮಗು ಮನೆ ಸೇರಿದ್ದರಿಂದ ಹರಕೆಯೂ ತೀರಿತ್ತು. ಆ ಲೆಕ್ಕದಲ್ಲಿ ಚೌಡಮ್ಮ ಪಕ್ಕಾ.

ಸಾರು ಕುದಿಯುವಷ್ಟರಲ್ಲಿ ಅವಳು ಹಂಡೆಗೆ ಉರಿ ಹಾಕಿ, ಮಗುವಿಗೆ ಎಣ್ಣೆ ತಿಕ್ಕಿ, ಕಾಲು ನೀಡಿ ಅದರ ಮೇಲೆ ಮಲಗಿಸಿಕೊಂಡು ನೀರು ಹಾಕಿದಳು. ಪ್ರಜ್ವಲ್ ಈಗ ಕಾಲಿನಷ್ಟೇ ಉದ್ದವಾಗಿದ್ದ. ಒದ್ದು, ಕೇಕೆ ಹಾಕಿ, ಬಚ್ಚಲನ್ನೆಲ್ಲ ಒದ್ದೆ ಮಾಡಿದ. ಮೈ ಒರೆಸಿ ಬಿಸಿಲಿಗೆಂದು ಕಣದ ಅಂಚಿಗೆ ಎತ್ತಿಕೊಂಡು ಬಂದಾಗ, ಹರಡಿದ ಕಾಫಿಯ ಮೇಲೆ ಒಂದು ನೆರಳು ಹಾದುಹೋಯಿತು. ತಲೆ ಎತ್ತಿದಳು. ಊರಿನ ಗರುಡ. ಚಿಕ್ಕದು, ಬಿಳಿ ತಲೆಯದು, ಎಂದಿನದೇ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಒಂದೇ ಕೈಯಲ್ಲಿ ಎರಡೂ ಕೆನ್ನೆ ತಟ್ಟಿಕೊಂಡಳು. ಮಗು ಅವಳನ್ನೇ ನೋಡಿ, ತನ್ನ ಪುಟ್ಟ ಅಂಗೈಯಿಂದ ಅವಳ ಕೆನ್ನೆಗೇ ಎರಡು ಬಾರಿಸಿತು.

ಸೌಜನ್ಯ ಹೊಸ ಕರಿದಾರ ಹಿಡಿದು ಬಂದಳು. ಮಗುವಿಗೆ ನೀರು ಹಾಕುವಾಗ ಚೌಡಮ್ಮ ಬಚ್ಚಲ ಕಟ್ಟೆಯ ಮೇಲಿಟ್ಟಿದ್ದ ತಾಯಿತ ಅವಳ ಇನ್ನೊಂದು ಕೈಯಲ್ಲಿತ್ತು. "ತಗೋ ದೊಡ್ಡಮ್ಮ, ಮತ್ತೆ ಕಟ್ಟು. ಕೋಳೀದಾದ್ರೂ ಆಗ್ಲಿ, ಇದಿದ್ದಾಗ ಇವನು ಒಂದ್ ದಿನನೂ ಬೆಚ್ಚಲಿಲ್ಲ."

ಚೌಡಮ್ಮ ತಾಯಿತವನ್ನು ನೋಡಿದಳು, ಮಗುವನ್ನು ನೋಡಿದಳು. ಸಾವಿರಾರು ಮೈಲಿ ಹಾರಿ ಬಂದು, ತಾತನ ಕನ್ನಡಕ ಕಿತ್ತು, ಕತ್ತರಿಗೂ ಅಂಜದೆ ಅವಳ ಮೂಗುತಿ ಎಳೆಯುತ್ತಾ ಇತ್ತು ಅದು.

"ಇವ್ನೆಲ್ಲಿ ಬೆಚ್ಚವ್ನೆ? ಬೆಚ್ಚಿದೋಳು ನಾನು ಕಣವ್ವ" ಎಂದು ಅವಳು ಎಡಗೈ ಚಾಚಿದಳು. "ನಂಗೇ ಕಟ್ಟು."

ಸೌಜನ್ಯ ನಗಲಿಲ್ಲ. ದೊಡ್ಡಮ್ಮನ ಎಣ್ಣೆ ಹತ್ತಿದ ಮುಂಗೈಗೆ ಕರಿದಾರ ಸುತ್ತಿ, ತಾಯಿತ ಸೇರಿಸಿ, ಬಿಚ್ಚಿಹೋಗದ ಹಾಗೆ ಎರಡು ಗಂಟು ಹಾಕಿದಳು. ಒಳಗಿನಿಂದ ಗಂಗಾಮಣಿ ಊಟಕ್ಕೆ ಕರೆದಳು. ಆ ಮಧ್ಯಾಹ್ನ ಚೌಡಮ್ಮ ಮಗುವನ್ನು ತೊಡೆಯಿಂದ ಇಳಿಸದೆ, ಎಡಗೈಯಲ್ಲಿ ಅದನ್ನು ಹಿಡಿದುಕೊಂಡೇ ಕೋಳಿಸಾರಿಗೆ ಮುದ್ದೆ ಮುರಿದಳು.